ಸೌಸನ್ ಯಾರು?

ಸೊಸೆಯ ಹೆರಿಗೆಗೆ ಇನ್ನೂ ಮೂರು ವಾರ ಇತ್ತು. ಶುಕ್ರವಾರದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ, ಹಾಜಿ ಮುವಾಫಿ ಬಾತುಕೋಳಿಯ ಕಾಲು ಮುರಿಯುತ್ತಾ, "ಹುಟ್ಟೋ ಹುಡುಗಿಗೆ ಸೌಸನ್ ಅಂತ ಇಡೋಣ" ಎಂದ.

ಮರಕ್ಕೆ ಹಚ್ಚುವ ಪಾಲಿಶ್ ಬಿಟ್ಟರೆ ಬೇರೆ ಯಾವುದರ ಬಗ್ಗೆಯೂ ಆ ಮನೆಯಲ್ಲಿ ಅವನು ಅಭಿಪ್ರಾಯ ಹೇಳಿದವನಲ್ಲ. ಮಗಳಿಗೆ ನಗ್ವಾ ಎಂದು, ಮಗನಿಗೆ ರಗಬ್ ಎಂದು ಹೆಸರಿಟ್ಟವಳು ಅವನ ತಾಯಿ. ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದರೂ "ನಿಮಗೆ ತಿಳಿದಷ್ಟು ಹಾಕಿ" ಎನ್ನುವ ಮನುಷ್ಯ.

ಅವನ ಹೆಂಡತಿ ಇನ್ಶಿರಾ ಬಾತುಕೋಳಿಯ ಹೊಟ್ಟೆಯಿಂದ ಈರುಳ್ಳಿಯ ಹೂರಣ ತೆಗೆದು ಬಡಿಸುತ್ತಿದ್ದಳು. ಸೌಟು ಹಾಗೇ ನಿಂತಿತು.

"ಸೌಸನ್ ಯಾರು?"

"ಯಾರೂ ಅಲ್ಲ. ಹೆಸರು."

"ಹೆಸರು ಅಂದ್ಮೇಲೆ ಯಾರದ್ದಾದ್ರೂ ಆಗಿರ್ಬೇಕಲ್ಲ."

"ಹೂವಿನ ಹೆಸರು ಕಣೇ."

"ಹೂವು!" ಇನ್ಶಿರಾ ಸೌಟನ್ನು ಪಾತ್ರೆಗೆ ಬಿಟ್ಟಳು. "ಕೇಳಿದ್ರೇನ್ರೋ? ನಾನು ಈ ಮನೆಗೆ ಬಂದು ನಲವತ್ತು ವರ್ಷದ ಮೇಲಾಯ್ತು. ಒಂದು ಕಟ್ಟು ಪುದೀನ ತನ್ನಿ ಅಂದ್ರೆ ಮರೆತು ಬರೋ ಗಂಡಸು. ಈಗ ಹೂವಂತೆ!"

ರಗಬ್ ನಕ್ಕ. ತುಂಬಿದ ಬಸುರಿ ಸೊಸೆ ನಹ್ಲಾ ನಗಲಿಲ್ಲ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಾತು ಅಳೆದು ಆಡುವವಳು.

"ಮಾವ, ಬೇಜಾರು ಮಾಡ್ಕೋಬೇಡಿ. ಸೌಸನ್ ಅನ್ನೋದು ಈಗ ಸರ್ಕಾರಿ ಆಫೀಸಿನ ಹೆಂಗಸರ ಹೆಸರು. 'ಮೇಡಂ ಸೌಸನ್ ನಮಾಜಿಗೆ ಹೋಗಿದ್ದಾರೆ, ನಾಳೆ ಬನ್ನಿ' ಅಂತಾರಲ್ಲ, ಆ ಹೆಸರು. ನಾವು ಜುಮಾನ ಅಂತ ಯೋಚನೆ ಮಾಡಿದೀವಿ."

"ಅದೂ ಚೆನ್ನಾಗಿದೆ" ಎಂದ ಮುವಾಫಿ. ತಟ್ಟೆ ನೋಡುತ್ತಲೇ, "ಸೌಸನ್ ಇನ್ನೂ ಚೆನ್ನಾಗಿರುತ್ತೆ" ಎಂದ.

ಅಷ್ಟೇ ಸಾಕಾಯಿತು. ಅವನು ಮೊದಲ ಸಲಕ್ಕೇ ಸುಮ್ಮನಾಗಿದ್ದರೆ ಇನ್ಶಿರಾ ಮರೆತುಬಿಡುತ್ತಿದ್ದಳೇನೋ. ಅದೇ ಮಾತನ್ನು ಅವನು ಎರಡು ಸಲ ಆಡಿದ್ದ.

ಸಂಜೆ ನಹ್ಲಾ ಕಾಲು ಚಾಚಿ ಕೂತು ಫೋನಿನಲ್ಲಿ ಹುಡುಕಿದಳು. "ಅತ್ತೆ, ಮಾವ ಹೇಳಿದ್ದು ನಿಜಾನೇ. ಫರೋಗಳ ಕಾಲದಲ್ಲಿ ನಮ್ಮ ನೈಲ್‌ನ ತಾವರೆಗೆ ಸೆಶೆನ್ ಅಂತಿದ್ರಂತೆ. ಅದು ಯಹೂದಿಗಳ ಬಾಯಿಗೆ ಹೋಗಿ ಶೋಶನ್ನಾ ಆಯ್ತಂತೆ, ಗ್ರೀಕರ ಬಾಯಲ್ಲಿ ಸುಸಾನ್ನಾ ಆಯ್ತಂತೆ. ಅರಬ್ಬಿಗೆ ಬಂದು ಸೌಸನ್. ಪರದೇಶದ ಸೂಸನ್‌ಗಳೆಲ್ಲ ಇದೇ ಬಳ್ಳಿಯವರಂತೆ."

"ಅಂದ್ರೆ ಊರೂರು ಸುತ್ತಿ ಮತ್ತೆ ತವರಿಗೇ ಬಂದಿದೆ" ಎಂದ ರಗಬ್.

"ತವರಿಗೆ ಬಂದದ್ದಿರಲಿ" ಎಂದಳು ಇನ್ಶಿರಾ. "ನನ್ನ ಮನೆಗೆ ಹೇಗೆ ಬಂತು ಅಂತ ನಿನ್ನ ಫೋನಲ್ಲಿ ಇದೆಯಾ?"

*

ಮದುವೆಯಾಗಿ ಪಕ್ಕದ ಓಣಿಯಲ್ಲಿದ್ದ ನಗ್ವಾ ಭಾನುವಾರ ಬಂದಳು. ತಾಯಿ ಮಗಳು ಇಬ್ಬರೂ ಬಾಣಂತಿ ಮನೆಗೆ ಬರುವವರಿಗೆ ಕೊಡುವ ಮುಗಾತ್ ಪುಡಿಯನ್ನು ತುಪ್ಪದಲ್ಲಿ ಹುರಿಯುತ್ತಿದ್ದರು. ಕೆಳಗಿನ ಕಾರ್ಖಾನೆಯಿಂದ ಪಾಲಿಶ್ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ದುಮ್ಯಾತ್ ಊರಿನಲ್ಲಿ ಮೂರು ಮನೆಗೆ ಒಂದು ಮನೆ ಹೀಗೆಯೇ, ಕೆಳಗೆ ಕುರ್ಚಿ ಮಂಚ, ಮೇಲೆ ಸಂಸಾರ.

"ನಿಮ್ಮಪ್ಪನಿಗೆ ಯಾರೋ ಇದ್ಲು" ಎಂದಳು ಇನ್ಶಿರಾ.

"ಅಪ್ಪನಿಗಾ? ಅಮ್ಮ, ಅಪ್ಪನಿಗೆ ಬೆಕ್ಕೂ ಹತ್ರ ಬರಲ್ಲ. ಸ್ಪಿರಿಟ್ ವಾಸನೆ."

"ನಗು, ನಗು. ಹಬ್ಬದ ಬೆಳಿಗ್ಗೆ ಊರಿನ ಗಂಡಸರೆಲ್ಲ ನಮಾಜು ಮುಗಿಸಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಖಬರಸ್ತಾನಕ್ಕೆ ಹೋಗ್ತಾರೆ. ನಿಮ್ಮಪ್ಪ ಎಂದಾದ್ರೂ ನಮ್ಮ ಜೊತೆ ಬಂದಿದ್ದಾರಾ? ನಾವು ಗೋರಿ ಹತ್ರ ಹೋಗೋ ಹೊತ್ತಿಗೆ ಅವರು ಹೋಗಿ ಬಂದಾಗಿರುತ್ತೆ. ಮಧ್ಯೆ ಎಲ್ಲಿಗೆ ಹೋಗ್ತಾರೆ?"

"ಗೋರಿಗಳ ಸಂದಿಯಲ್ಲಿ ಹೆಂಗಸನ್ನ ಯಾರು ಇಟ್ಕೊತಾರಮ್ಮ?"

"ನಿನಗೇನು ಗೊತ್ತು. ಸುಮ್ಮನಿರೋ ಗಂಡಸನ್ನ ನಂಬಬಾರದು. ಮಾತಾಡೋನ ಸುಳ್ಳು ಬಾಯಲ್ಲಿ ಬರುತ್ತೆ. ಸುಮ್ಮನಿರೋನದ್ದು ಎಲ್ಲಿಂದ ಹಿಡೀತೀಯ?"

ಮುಗಾತ್ ಸೀದುಹೋಯಿತು. ತಾಯಿ ಮಗಳನ್ನು ಬೈದಳು, ಮಗಳು ತಾಯಿಯನ್ನು. ಬಾಣಲೆ ತೊಳೆದು ಮತ್ತೆ ಹುರಿದರು.

ಮುಂದಿನ ವಾರ ನಹ್ಲಾಳನ್ನು ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಇನ್ಶಿರಾ ಬರುವುದಿಲ್ಲ ಎಂದಳು. ಆಸ್ಪತ್ರೆಯ ಬಾಗಿಲು ಅವಳಿಗೆ ಆಗದು. ಮದುವೆಯಾದ ಮರುವರ್ಷ, ಎಪ್ಪತ್ತಮೂರರ ಅಕ್ಟೋಬರ್ ಯುದ್ಧಕ್ಕೆ ಮುಂಚಿನ ಚಳಿಗಾಲದಲ್ಲಿ, ಅವಳಿಗೆ ಮೊದಲ ಹೆಣ್ಣು ಕೂಸು ಹುಟ್ಟಿತ್ತು. ಹುಟ್ಟಿದ ರಾತ್ರಿಯೇ ತಾಯಿಗೆ ಬಾಣಂತಿ ಜ್ವರ ಏರಿ, ಕೂಸನ್ನು ಮನೆಯಲ್ಲಿ ಬಿಟ್ಟು ಅವಳನ್ನು ಆಸ್ಪತ್ರೆಗೆ ಸಾಗಿಸಿದ್ದರು. ಎರಡು ವಾರದ ಮೇಲೆ ವಾಪಸು ಬಂದರೆ ತೊಟ್ಟಿಲು ಅಟ್ಟಕ್ಕೆ ಹೋಗಿತ್ತು. ಅತ್ತೆ ಝನ್ನೂಬಾ, "ಐದು ದಿನ ಇತ್ತು, ಹೋಯ್ತು. ಏಳನೇ ದಿನ ಕಾಣದ್ದಕ್ಕೆ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಅಳಬೇಡ, ಮುಂದಿನದ್ದಕ್ಕೆ ಕೆಟ್ಟದ್ದು" ಎಂದಿದ್ದಳು. ಇನ್ಶಿರಾ ಅಳಲಿಲ್ಲ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ "ಇಬ್ಬರು" ಎನ್ನುತ್ತಿದ್ದಳು. ಒಮ್ಮೊಮ್ಮೆ "ಒಂದು ಬಂದು ಹೋಯ್ತು" ಎಂದು ಸೇರಿಸುತ್ತಿದ್ದಳು.

ನಹ್ಲಾ ಆಸ್ಪತ್ರೆಗೆ ಹೋದ ದಿನ ಅವಳು ಸಿಹಿ ಮುಶಬ್ಬಕ್ ಪೊಟ್ಟಣ ಕಟ್ಟಿಸಿಕೊಂಡು, ನದಿ ಸಮುದ್ರ ಸೇರುವ ಬುರ್ಜ್‌ಗೆ ಹೋಗುವ ವ್ಯಾನ್ ಹತ್ತಿದಳು. ಅಲ್ಲಿ ಗಂಡನ ಅಕ್ಕ ತಹಿಯ್ಯಾ ಇದ್ದಳು. ಎಂಬತ್ತು ದಾಟಿದ ಮುದುಕಿ. ಬಾಗಿಲಲ್ಲಿ ಕೂತು ಮೀನಿನ ಹೊಟ್ಟೆ ಸೀಳುತ್ತಿದ್ದಳು.

"ತಹಿಯ್ಯಕ್ಕ, ಸೌಸನ್ ಅಂತ ಯಾರಾದ್ರೂ ಗೊತ್ತಾ?"

"ಗಟ್ಟಿಯಾಗಿ ಹೇಳು!"

"ಸೌಸನ್!"

"ಅದಕ್ಯಾಕೆ ಕಿರುಚ್ತೀಯ? ಸೌಸನ್ ಅಂದ್ರೆ ಅಶ್ರಫನಮ್ಮ ಅಲ್ವೇನೇ?"

"ಯಾವ ಅಶ್ರಫನಮ್ಮ?"

"ನಿಮ್ಮ ಮಹಡಿ ಕೋಣೆಯಲ್ಲಿದ್ದಳಲ್ಲ. ಪೋರ್ಟ್ ಸಯೀದ್ ಮೇಲೆ ಬಾಂಬು ಬೀಳುವಾಗ ಊರೇ ಎದ್ದು ಬಂತಲ್ಲ, ಆಗ ಬಂದೋಳು. ಗಂಡ ಸತ್ತೋಳು. ಹಸಿರು ಕಣ್ಣು." ತಹಿಯ್ಯಾ ಮೀನಿನ ಕರುಳನ್ನು ಬೆಕ್ಕಿಗೆ ಎಸೆದಳು. "ವಲಸೆ ಬಂದೋರಿಗೆ ಹಿಟ್ಟು ಕೊಡ್ತಿದ್ರು. ಸಾಲಲ್ಲಿ ಅವಳ ಜೊತೆ ನಾನೂ ನಿಲ್ತಿದ್ದೆ. ಗುಮಾಸ್ತ ಕೂಗ್ತಿದ್ದ, ಸೌಸನ್ ಅಂತ. ಎಂಥ ಕಣ್ಣು ಅಂತೀಯ! ಹಿಟ್ಟು ಅಳೆಯೋನು ಅವಳ ಮುಖ ನೋಡಿ ಒಂದು ಬೊಗಸೆ ಜಾಸ್ತಿ ಹಾಕ್ತಿದ್ದ."

ಅಶ್ರಫನಮ್ಮ! ಅವಳೂ ಇನ್ಶಿರಾಳೂ ಒಂದೇ ನಲ್ಲಿಯಲ್ಲಿ ನೀರು ಹಿಡಿದಿದ್ದರು, ಒಂದೇ ಭಟ್ಟಿಗೆ ರೊಟ್ಟಿ ಹಿಟ್ಟು ಹೊತ್ತಿದ್ದರು. ಅವಳ ಹೆಸರು ಏನೆಂದು ಇನ್ಶಿರಾ ಕೇಳಿರಲಿಲ್ಲ. ಯಾರು ಕೇಳುತ್ತಾರೆ? ನಮ್ಮಲ್ಲಿ ಹೆಂಗಸಿಗೆ ಮಗ ಹುಟ್ಟಿದ ದಿನ ಅವಳ ಹೆಸರು ಮಣ್ಣಿಗೆ ಹೋಗುತ್ತದೆ. ಮನೆಯ ಹೆಂಗಸಿನ ಹೆಸರು ಬೀದಿಯಲ್ಲಿ ಬಂದರೆ ಗಂಡಸರು ಚಾಕು ತೆಗೆಯುತ್ತಾರೆ. ಇನ್ಶಿರಾ ಸ್ವತಃ ಮೂವತ್ತು ವರ್ಷದಿಂದ ರಗಬನಮ್ಮ. ಅವಳ ಹೆಸರು ಗುರುತಿನ ಚೀಟಿಯಲ್ಲಿತ್ತು, ಅಷ್ಟೇ.

ವ್ಯಾನಿನಲ್ಲಿ ವಾಪಸು ಬರುವಾಗ ಅವಳಿಗೆ ಒಂದೇ ಯೋಚನೆ. ಅಷ್ಟು ವರ್ಷ ಜೊತೆಗಿದ್ದ ನನಗೇ ಗೊತ್ತಿಲ್ಲದ ಹೆಸರು ಇವರಿಗೆ ಯಾರು ಹೇಳಿದರು? ಅವಳೇ ಹೇಳಿರಬೇಕು. ಯಾವಾಗ ಹೇಳಿದಳು? ಎಲ್ಲಿ ಹೇಳಿದಳು?

*

ಅಂದು ಸಂಜೆ ಅವಳು ಗಂಡನ ತಟ್ಟೆಯನ್ನು ತಾನು ಇಡಲಿಲ್ಲ. ರಗಬನ ಕೈಯಲ್ಲಿ ಕೊಟ್ಟು, "ನಿಮ್ಮಪ್ಪನ ಮುಂದಿಡು" ಎಂದಳು. ಬೇಯಿಸಿದ ಅವರೆಯೂ ಉಪ್ಪಿನ ಗಿಣ್ಣೂ ಇದ್ದವು. ಮುವಾಫಿ ಎರಡು ತುತ್ತು ತಿನ್ನುವವರೆಗೆ ಕಾದಳು.

"ಅಶ್ರಫನಮ್ಮ ಹೇಗಿದ್ದಾರೆ?"

ರೊಟ್ಟಿಯ ತುಂಡು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಅವಳಿಗೆ ಬೇಕಾಗಿದ್ದೂ ಅದೇ.

"ಯಾರು ಹೇಳಿದ್ರು?"

"ನಾನು ಕೇಳಿದ್ದು ಅದಲ್ಲ."

"ಅವರು ತೀರಿಹೋಗಿ ಬಹಳ ವರ್ಷ ಆಯ್ತು."

"ನೋಡಿದ್ಯೇನೋ ರಗಬ್, ಅವಳು ಸತ್ತದ್ದೂ ಗೊತ್ತು ಇವರಿಗೆ! ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿಲ್ಲ."

"ಅಶ್ರಫ್ ಮರ ಕೊಳ್ಳೋಕೆ ಬಂದಾಗ ಹೇಳಿದ."

"ಹೆಸರು? ಹೆಸರೂ ಅಶ್ರಫನೇ ಹೇಳಿದನಾ? ಗಂಡುಮಗ ತನ್ನ ತಾಯಿ ಹೆಸರನ್ನ ಅಂಗಡಿಯಲ್ಲಿ ನಿಂತು ಹೇಳಿದನಾ?"

ಮುವಾಫಿ ರೊಟ್ಟಿ ಕೆಳಗಿಟ್ಟ. "ಮಕ್ಕಳ ಮುಂದೆ ಬೇಡ" ಎಂದ. ಎದ್ದು ಕಾರ್ಖಾನೆಗೆ ಇಳಿದ.

"ಅಮ್ಮ, ನಲವತ್ತು ವರ್ಷದ ಹಿಂದಿನ ಮಾತು" ಎಂದ ರಗಬ್. "ಈಗ ಅಪ್ಪನಿಗೆ ಎಪ್ಪತ್ತು."

"ನನಗೇನು ಇಪ್ಪತ್ತಾ? ನಾಳೆಯಿಂದ ಈ ಮನೆಯಲ್ಲಿ 'ಸೌಸನ್ ಬಾ, ಸೌಸನ್ ಊಟ ಮಾಡು' ಅಂತ ದಿನಕ್ಕೆ ನೂರು ಸಲ ನಾನೇ ಕೂಗಬೇಕು. ನನ್ನ ಬಾಯಲ್ಲಿ ಕೂಗಿಸಿ ಕೇಳಬೇಕು ಅಂತಿದ್ದಾರೆ ನಿಮ್ಮಪ್ಪ."

"ಅತ್ತೆ" ಎಂದಳು ನಹ್ಲಾ, "ನಿಮ್ಮಿಬ್ಬರ ಜಗಳಕ್ಕೆ ನನ್ನ ಮಗುವಿನ ಹೆಸರನ್ನ ದೊಣ್ಣೆ ಮಾಡ್ಕೋಬೇಡಿ."

"ನಿನ್ನ ಜುಮಾನನೇ ಇರಲಿ ತಾಯಿ. ನಾನು ಯಾವ ಕಡೆ ಅಂತ ನೀನೇ ನೋಡ್ತೀಯಲ್ಲ."

ಮಗು ಹುಟ್ಟಿತು. ಹೆಣ್ಣೇ. ರಗಬ್‌ಗೆ ತಂದೆಯನ್ನೂ ಬಿಡಲಾಗದು, ಹೆಂಡತಿಯನ್ನೂ ಬಿಡಲಾಗದು. ಹಳೆಯ ದಾರಿ ಹಿಡಿದ. "ಏಳನೇ ದಿನ ಮೇಣದಬತ್ತಿ ಹಚ್ಚೋಣ. ಒಂದೊಂದು ಬತ್ತಿಗೆ ಒಂದೊಂದು ಹೆಸರು. ಯಾವುದು ಕೊನೆವರೆಗೆ ಉರಿಯುತ್ತೋ ಆ ಹೆಸರಿಗೆ ಆಯುಸ್ಸು ಜಾಸ್ತಿ, ಅದನ್ನೇ ಇಡೋಣ. ಆಮೇಲೆ ಯಾರೂ ಮಾತಾಡೋ ಹಾಗಿಲ್ಲ."

ಎಲ್ಲರೂ ಒಪ್ಪಿದರು. ಒಪ್ಪಿದವರೆಲ್ಲ ತಮ್ಮ ತಮ್ಮ ಯೋಚನೆ ಮಾಡಿದರು. ನಹ್ಲಾ ತನ್ನ ಬತ್ತಿಯನ್ನು ಫ್ರಿಜ್ಜಿನ ಮಂಜಿನ ಪೆಟ್ಟಿಗೆಯಲ್ಲಿಟ್ಟಳು, ತಣ್ಣಗಿದ್ದರೆ ನಿಧಾನ ಉರಿಯುತ್ತದೆಂದು. ಹಬೀಬಾ ಎಂಬ ಹೆಸರು ಹಿಡಿದುಕೊಂಡಿದ್ದ ನಗ್ವಾ ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ತಂದಳು. ಮುವಾಫಿ ಅಂಗಡಿಗೆ ಹೋಗಲಿಲ್ಲ. ಇನ್ಶಿರಾ ಕಸ ಗುಡಿಸುವ ನೆಪದಲ್ಲಿ ಕಾರ್ಖಾನೆಗೆ ಇಳಿದಾಗ, ಪಾಲಿಶ್ ಡಬ್ಬಿಗಳ ಹಿಂದೆ ಬಟ್ಟೆ ಸುತ್ತಿದ ಬತ್ತಿಯೊಂದು ಸಿಕ್ಕಿತು. ಅವನೇ ಎರೆದದ್ದು. ಕುರ್ಚಿಗಳಿಗೆ ತಿಕ್ಕುವ ಜೇನುಮೇಣ, ಕಂದು ಬಣ್ಣ, ಕೈಯಲ್ಲಿ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿದ್ದ. ಮದುವೆಯ ಮಂಚಕ್ಕೂ ಅವನು ಅಷ್ಟು ಉಜ್ಜಿದವನಲ್ಲ.

ಇನ್ಶಿರಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ತೆಳು ಅಲಗಿನ ಚಾಕು ತೆಗೆದುಕೊಂಡು ಬತ್ತಿಯ ನಡುವಿನಲ್ಲಿ ಸೀಳಿ, ಒಳಗಿನ ದಾರವನ್ನು ಕತ್ತರಿಸಿ, ಒಂದು ಬೆರಳಗಲದಷ್ಟು ಎಳೆದು ಬಿಸಾಡಿದಳು. ಸೀಳಿಗೆ ಮೇಣ ತುಂಬಿ ಹೆಬ್ಬೆರಳಿಂದ ತಿಕ್ಕಿದಳು. ಅವಳೂ ಪಾಲಿಶ್ ಮೇಸ್ತ್ರಿಯ ಹೆಂಡತಿ. ಮರದ ಬಿರುಕನ್ನು ಮೇಣದಲ್ಲಿ ಮುಚ್ಚಿ ಗಿರಾಕಿಗೆ ಕಾಣದ ಹಾಗೆ ಮಾಡುವುದನ್ನು ಅಷ್ಟು ವರ್ಷ ನೋಡಿದ್ದಳು.

*

ಏಳನೇ ದಿನ ಮನೆ ತುಂಬ ಹೆಂಗಸರು. ಮಗುವನ್ನು ಜರಡಿಯಲ್ಲಿ ಮಲಗಿಸಿ ಅಲ್ಲಾಡಿಸಿದರು. ನಹ್ಲಾ ಅದರ ಮೇಲೆ ದಾಟಿದಳು. ಪಕ್ಕದ ಮನೆಯವಳು ಕಂಚಿನ ಕುಟ್ಟಾಣಿ ಕುಟ್ಟುತ್ತಾ ಮಗುವಿನ ಕಿವಿಗೆ, "ಅಮ್ಮನ ಮಾತು ಕೇಳು! ಅಜ್ಜಿ ಮಾತು ಕೇಳಬೇಡ!" ಎಂದಳು. ಎಲ್ಲರೂ ನಕ್ಕರು. "ಕೇಳದಿದ್ರೆ ಹಲ್ವ ಯಾರು ಕೊಡ್ತಾರೆ ನೋಡ್ತೀನಿ" ಎಂದಳು ಇನ್ಶಿರಾ. ಉಪ್ಪು ಚೆಲ್ಲಿದರು, ಮುಗಾತ್ ಹಂಚಿದರು.

ಮಗುವಿಗೆಂದು ಸಿಂಗರಿಸಿದ ಹೂಜಿ ಇಟ್ಟಿದ್ದ ತಟ್ಟೆಯಲ್ಲಿ ಮೂರು ಬತ್ತಿ ಹಚ್ಚಿದರು. ಮುವಾಫಿ ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ ನಿಂತಿದ್ದ. ಅವನು ಹೆಂಗಸರ ಗುಂಪಿನ ಹತ್ತಿರ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಇನ್ಶಿರಾ ಬತ್ತಿಯನ್ನು ನೋಡಲಿಲ್ಲ, ಅವನ ಮುಖವನ್ನು ನೋಡುತ್ತಿದ್ದಳು.

ನಗ್ವಾಳ ದಪ್ಪ ಬತ್ತಿ ಗಬಗಬ ಕರಗಿ ಮೊದಲು ಆರಿತು. ನಹ್ಲಾಳದ್ದು ಚಟಚಟ ಎನ್ನುತ್ತಾ ಅರ್ಧಕ್ಕಿಂತ ಕೆಳಗಿಳಿಯಿತು. ಕಂದು ಬತ್ತಿ ಮಾತ್ರ ಹೊಗೆಯಿಲ್ಲದೆ, ಅಲುಗದೆ, ಎಲ್ಲಕ್ಕಿಂತ ಎತ್ತರದಲ್ಲಿ ಉರಿಯುತ್ತಿತ್ತು. "ಸೌಸನ್ನೇ ಗೆಲ್ತಾಳೆ ಬಿಡಿ" ಎಂದಳು ಒಬ್ಬಳು. ಮುವಾಫಿ ಬಾಗಿಲು ದಾಟಿ ಒಂದು ಹೆಜ್ಜೆ ಒಳಗೆ ಬಂದ. ಆಗ ಜ್ವಾಲೆ ಕುಗ್ಗಿತು, ನೀಲಿಯಾಯಿತು, ಕರಗಿದ ಮೇಣದಲ್ಲಿ ಮುಳುಗಿ ಆರಿತು.

"ಅಯ್ಯೋ" ಎಂದರು ಹೆಂಗಸರು. "ಇಷ್ಟು ಉದ್ದ ಉಳಿದಿದೆ! ಆ ಹೆಸರಿಗೆ ಆಯುಸ್ಸಿಲ್ಲ."

"ಎರಡನೇ ಸಲಾನೂ ಆರ್ತು" ಎಂದ ಮುವಾಫಿ. ದೊಡ್ಡ ದನಿಯಲ್ಲಿ ಹೇಳಿದ್ದಲ್ಲ. ತಟ್ಟೆಯ ಪಕ್ಕದಲ್ಲಿದ್ದ ಇನ್ಶಿರಾಳಿಗೆ ಮಾತ್ರ ಕೇಳಿಸಿತು. ಅವನು ತಿರುಗಿ ಹೋದ. ಜುಮಾನಳ ಹೆಸರಿಗೆ ಹೆಂಗಸರು ನಾಲಿಗೆ ಅಲ್ಲಾಡಿಸಿ ಹರ್ಷದ ಕೂಗು ಹಾಕಿದರು.

ಬೆಳಿಗ್ಗೆ ಇನ್ಶಿರಾ ಅಡುಗೆಮನೆಯಲ್ಲಿ ತಟ್ಟೆಗೆ ಅಂಟಿದ ಮೇಣ ಕೆರೆಯುತ್ತಿದ್ದಳು. ಮುವಾಫಿ ಬಂದು ಕಂದು ಬತ್ತಿಯನ್ನು ಅವಳ ಮುಂದೆ ಇಟ್ಟ. ಉದ್ದಕ್ಕೆ ಸೀಳಿದ್ದ.

"ದಾರ ಕತ್ತರಿಸಿದ್ದಾರೆ."

"ನಾನೇ ಕತ್ತರಿಸಿದ್ದು" ಎಂದಳು ಇನ್ಶಿರಾ. "ಇನ್ನೂ ನೂರು ಬತ್ತಿ ಮಾಡಿ, ನೂರನ್ನೂ ಕತ್ತರಿಸ್ತೀನಿ. ಅವಳ ಹೆಸರನ್ನ ನಾನು ಬದುಕಿರೋವರೆಗೂ ಈ ಮನೆಯಲ್ಲಿ ಕೂಗಕ್ಕೆ ಬಿಡಲ್ಲ."

"ಯಾರ ಹೆಸರನ್ನ?"

"ನಿಮ್ಮ ಹಸಿರು ಕಣ್ಣಿನೋಳ ಹೆಸರನ್ನ!"

ಮುವಾಫಿ ಅಡುಗೆಮನೆಯ ಗಿಡ್ಡ ಮಣೆಯ ಮೇಲೆ ಕೂತ. ಕೈಯ ಪಾಲಿಶ್ ಕಲೆ ಉಜ್ಜಿಕೊಂಡ.

"ಅದು ನಿನ್ನ ಮಗಳ ಹೆಸರು" ಎಂದ.

"ನನ್ನ ಮಗಳು ನಗ್ವಾ."

"ಅದಕ್ಕೆ ಮುಂಚಿನದು."

ಇನ್ಶಿರಾ ನಲ್ಲಿ ನಿಲ್ಲಿಸಿದಳು.

"ಕೂಸು ಹೋದಾಗ ನೀನು ಆಸ್ಪತ್ರೆಯಲ್ಲಿದ್ದೆ. ಮೈ ತೊಳೆಯೋಕೆ ನಮ್ಮಮ್ಮ ಯಾರನ್ನೂ ಕರೀಲಿಲ್ಲ. ಐದು ದಿನದ್ದು, ಸುತ್ತಿಕೊಡ್ತೀನಿ ತಗೊಂಡು ಹೋಗು ಅಂದ್ಲು. ಅಶ್ರಫನಮ್ಮ ಮಹಡಿಯಿಂದ ಇಳಿದು ಬಂದು ತೊಳೆದ್ರು. ತಮ್ಮ ಬಿಳಿ ದುಪಟ್ಟ ಹರಿದು ಸುತ್ತಿದ್ರು. ನನ್ನ ಕೈಗೆ ಕೊಡೋವಾಗ, ಹೆಸರಿಲ್ಲದೆ ಮಣ್ಣಿಗೆ ಹಾಕಬೇಡಪ್ಪ, ನಾಳೆ ಕಯಾಮತ್ತಿನ ದಿನ ಏನಂತ ಕರೀತಾರೆ ಅಂದ್ರು. ನನಗೆ ಯಾವ ಹೆಸರೂ ಹೊಳೀಲಿಲ್ಲ. ನಿಮ್ಮ ಹೆಸರೇನಮ್ಮ ಅಂತ ಕೇಳ್ದೆ. ಹೇಳಿದ್ರು. ಗೋರಿ ಹತ್ರ ಕುರಾನ್ ಓದೋನು, ಹೆಸರೇನು, ಯಾರ ಮಗಳು ಅಂದ. ಸೌಸನ್, ಇನ್ಶಿರಾಳ ಮಗಳು ಅಂದೆ. ಅಷ್ಟೇ."

"ಅಷ್ಟೇ?" ಇನ್ಶಿರಾ ಕೈಯ ಚಮಚವನ್ನು ತೊಟ್ಟಿಗೆ ಎಸೆದಳು. "ನನಗ್ಯಾಕೆ ಹೇಳ್ಲಿಲ್ಲ?"

"ಅಮ್ಮ ಬೇಡ ಅಂದ್ಲು. ಹೆಸರು ಗೊತ್ತಾದ್ರೆ ಕೂಗಿ ಕೂಗಿ ಅಳ್ತಾಳೆ, ಮುಂದಿನದು ನಿಲ್ಲಲ್ಲ ಅಂದ್ಲು."

"ನಿಮ್ಮಮ್ಮ ಸತ್ತು ಇಪ್ಪತ್ತೈದು ವರ್ಷ ಆಯ್ತು!"

"ಆಮೇಲೆ... ಹೇಗೆ ಶುರು ಮಾಡೋದು ಗೊತ್ತಾಗ್ಲಿಲ್ಲ. ಹಬ್ಬಹಬ್ಬಕ್ಕೂ ಮೊದಲು ಹೋಗಿ ಓದಿಸಿ ಬರ್ತೀನಿ. ಮೂಲೆಯಲ್ಲಿ ಕೂರೋ ಕುರುಡು ಶೇಖ್ ಇದ್ದಾನಲ್ಲ, ಅವನ ಕೈಲಿ."

ಬಾಗಿಲಲ್ಲಿ ನಹ್ಲಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಮಾವ, ಐದು ದಿನದಲ್ಲಿ ಸತ್ತ ಕೂಸಿನ ಹೆಸರನ್ನ ನನಗೆ ಹೇಳದೆ ನನ್ನ ಮಗಳ ಮೇಲೆ ಹಾಕೋಕೆ ಹೊರಟಿದ್ರಾ?"

"ಆ ಹೆಸರು ಎರಡನೇ ಸಲನಾದ್ರೂ ಬದುಕಲಿ ಅಂತ..." ಎಂದ ಮುವಾಫಿ. ನಹ್ಲಾ ಮಗುವಿನ ತಲೆಯನ್ನು ಮುಚ್ಚಿಕೊಂಡು ಒಳಗೆ ಹೋದಳು.

ಇನ್ಶಿರಾ ಕೈ ಒರೆಸಿಕೊಂಡಳು. ಅಳಲಿಲ್ಲ. ಅವಳ ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಇಷ್ಟು ವರ್ಷ ಮುಚ್ಚಿಟ್ಟ ಗಂಡಸಿಗೆ ಒಂದು ರಾತ್ರಿಯಲ್ಲಿ ಕಥೆ ಹೊಸೆಯುವುದು ಕಷ್ಟವೇ? ಹೆಂಗಸಿನ ಮುಂದೆ ಸತ್ತ ಕೂಸನ್ನು ಹಿಡಿದರೆ ಅವಳು ಬಾಯಿ ಮುಚ್ಚುತ್ತಾಳೆಂದು ಯಾವ ಗಂಡಸಿಗೆ ಗೊತ್ತಿಲ್ಲ? ಕಪ್ಪು ನಿಲುವಂಗಿ ಹಾಕಿಕೊಂಡು ಮೆಟ್ಟಿಲಿಳಿಯುವಾಗ ರಗಬ್‌ಗೆ ಹೇಳಿದಳು: "ನಾನು ಬರೋವರೆಗೂ ನಿಮ್ಮಪ್ಪನ್ನ ಹೊರಗೆ ಬಿಡಬೇಡ. ಫೋನೂ ಕೊಡಬೇಡ."

"ಯಾಕಮ್ಮ? ಎಲ್ಲಿಗೆ?"

"ಅವರು ಆ ಶೇಖ್‌ಗೆ ಹೇಳಿಕೊಡೋಕೆ ಮುಂಚೆ ಹೋಗಬೇಕು."

*

ವಾರದ ನಡುವಿನ ದಿನ. ಖಬರಸ್ತಾನದಲ್ಲಿ ಜನ ಇರಲಿಲ್ಲ. ಗೋಡೆಯ ನೆರಳಲ್ಲಿ ಕುರುಡು ಶೇಖ್ ಕೂತಿದ್ದ. ಹಬ್ಬದ ದಿನ ಅವಳು ಮಕ್ಕಳ ಜೊತೆ ಬಂದಾಗ, ಕೈಗೆ ಸಿಕ್ಕ ಹುಡುಗ ಓದುಗರ ಕೈಲಿ ಓದಿಸಿ ಹೋಗುತ್ತಿದ್ದಳೇ ಹೊರತು ಇವನ ಬಳಿ ಬಂದವಳಲ್ಲ.

"ಅಬ್ದುಲ್ ಗನಿ ಮನೆಯವರ ಗೋರಿಗೆ ಓದಬೇಕು" ಎಂದಳು, ಗಂಡನ ತಂದೆಯ ಹೆಸರು ಹಿಡಿದು.

"ಹಾಜಿ ಮುವಾಫಿ ಮನೆಯವರಾ ತಾಯಿ?"

"ದೂರದ ನೆಂಟರು. ಯಾರು ಯಾರು ಒಳಗಿದ್ದಾರೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಓದಿ."

ಶೇಖ್ ಕೋಲೂರಿಕೊಂಡು ಅವಳಿಗಿಂತ ಮುಂದೆ ನಡೆದ. ಗೋರಿಯ ಕಲ್ಲನ್ನು ಮುಟ್ಟಿ ನೋಡಿ ಕೂತ. ಓದಿ ಮುಗಿಸಿ, ಅಂಗೈ ಮೇಲೆ ಮಾಡಿ, ಸತ್ತವರನ್ನು ಅವರವರ ತಾಯಂದಿರ ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ಕರೆದ.

"ಹಮೀದಾಳ ಮಗ ಅಬ್ದುಲ್ ಗನಿಗೆ. ಬದ್ರಿಯ್ಯಾಳ ಮಗಳು ಝನ್ನೂಬಾಳಿಗೆ." ಉಸಿರು ತೆಗೆದುಕೊಂಡ. "ಇನ್ಶಿರಾಳ ಮಗಳು ಸೌಸನ್‌ಗೆ. ಅಲ್ಲಾಹನು ಅವರಿಗೆ ಬೆಳಕು ಕೊಡಲಿ."

ಇನ್ಶಿರಾ ಸುತ್ತ ನೋಡಿದಳು. ಬಯಲಲ್ಲಿ, ಪರಗಂಡಸಿನ ಬಾಯಲ್ಲಿ, ಅಷ್ಟು ಗಟ್ಟಿಯಾಗಿ ಇನ್ಶಿರಾ ಎಂಬ ಹೆಸರನ್ನು ಯಾರೂ ಹೇಳಿರಲಿಲ್ಲ.

"ಆ ಕೊನೇದು ಯಾರು?" ಎಂದು ಕೇಳಿದಳು.

"ಚಿಕ್ಕ ಕೂಸಂತೆ ತಾಯಿ. ನನಗಿಂತ ಮುಂಚೆ ನಮ್ಮಪ್ಪ ಇಲ್ಲಿ ಓದ್ತಿದ್ದ. ಅವನ ಕಾಲದಿಂದ ಇದೆ ಆ ಹೆಸರು."

"ಇನ್ನೊಂದ್ಸಲ ಓದಿ."

"ಎಲ್ಲಾನಾ?"

"ಕೊನೇದು."

ಮನೆಗೆ ಬಂದಾಗ ಮಧ್ಯಾಹ್ನ. ರಗಬ್ ಕಾರ್ಖಾನೆಯ ಬಾಗಿಲಿಗೆ ಮಂಚದ ಹಲಗೆ ಅಡ್ಡ ಇಟ್ಟುಕೊಂಡು ಕೂತಿದ್ದ. "ಅಪ್ಪ ಫೋನ್ ಕೇಳಲೇ ಇಲ್ಲಮ್ಮ" ಎಂದ. ಇನ್ಶಿರಾ ಮೇಲೆ ಹೋಗಿ ಬಾಣಂತಿಗೆ ಕೋಳಿ ಸಾರು ಕೊಟ್ಟಳು. ಆಮೇಲೆ ಗಂಡನನ್ನು ಕರೆಸಿ ಎದುರು ಕೂತಳು. ಅವನ ಅನ್ನದ ತಟ್ಟೆ ಇನ್ನೂ ಅವಳ ಮುಂದೆಯೇ ಇತ್ತು.

"ಹೋಗಿದ್ಯಾ?" ಎಂದ ಮುವಾಫಿ.

"ಹೋಗಿದ್ದೆ."

"ನಂಬಿಕೆ ಬಂತಾ?"

"ಅರ್ಧ."

ಅವನು ಉಗುರಿನಿಂದ ಕೈಯ ಮೇಣ ಕೆರೆದ.

"ಒಂದು ಮಾತು ಹೇಳಿ" ಎಂದಳು ಇನ್ಶಿರಾ. "ಕಣ್ಣು ಯಾವ ಬಣ್ಣ ಇತ್ತು?"

ಮುವಾಫಿ ಸಿಡುಕಿದ. "ಮತ್ತೆ ಅದೇನಾ? ಪಾಪ, ಆಯಮ್ಮ ಸತ್ತು..."

"ಅಶ್ರಫನಮ್ಮಂದಲ್ಲ. ನನ್ನ ಮಗಳದ್ದು. ನಾನು ನೋಡೋ ಹೊತ್ತಿಗೆ ಮುಚ್ಚಿಕೊಂಡಿತ್ತು. ಆಮೇಲೆ ನನಗೆ ಜ್ವರ."

ಅವನು ಗೋಡೆಯ ಕಡೆ ನೋಡಿದ. ನೆನಪು ಮಾಡಿಕೊಳ್ಳುತ್ತಿದ್ದಾನೋ ಕಥೆ ಕಟ್ಟುತ್ತಿದ್ದಾನೋ ಎಂದು ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಎಳೇ ಕೂಸು" ಎಂದ ಕೊನೆಗೆ. "ಕೆಸರು ನೀರಿನ ಹಾಗಿತ್ತು. ಇನ್ನೂ ಬಣ್ಣ ಬಂದಿರಲಿಲ್ಲ."

ಸುಳ್ಳು ಹೇಳುವವನಾಗಿದ್ದರೆ ಒಂದು ಬಣ್ಣ ಹೇಳಿರುತ್ತಿದ್ದ. ಇನ್ಶಿರಾ ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.

"ತಿನ್ನಿ" ಎಂದಳು. "ಈ ಸಲ ಹಬ್ಬಕ್ಕೆ ನನ್ನನ್ನ ಬಿಟ್ಟು ಹೋದ್ರೆ ಕಾಲು ಮುರೀತೀನಿ."